ಸ್ಮಾರಕದ ಪಕ್ಕದ ಹಳೆ ಮನೆಗೆ ಒಂದು ಕೋಣೆ ಸೇರಿಸುವ ಮುನ್ನ

ಅಜ್ಜಿಗೆ ಮಂಡಿ ನೋವು ಜಾಸ್ತಿಯಾದ ವರ್ಷದ ಮಾತು. ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮ ದೊಡ್ಡಪ್ಪನ ತೊಟ್ಟಿ ಮನೆ. ಬಚ್ಚಲು, ಕಕ್ಕಸು ಎರಡೂ ಹಿತ್ತಿಲ ತುದಿಯಲ್ಲಿ. ಮಳೆಗಾಲದ ರಾತ್ರಿ ಅಜ್ಜಿ ಅಷ್ಟು ದೂರ ನಡೆಯುವುದನ್ನು ನೋಡಲು ಯಾರಿಗೂ ಆಗುತ್ತಿರಲಿಲ್ಲ. ಹಿಂಗೋಡೆಗೆ ಸೇರಿಸಿ ಹತ್ತಡಿಗೆ ಹನ್ನೆರಡಡಿ ಕೋಣೆ, ಜೊತೆಗೊಂದು ಬಚ್ಚಲು ಕಟ್ಟಿಸೋಣ ಎಂದು ಎಲ್ಲರೂ ಒಪ್ಪಿದೆವು. "ಹಿಂದುಗಡೆ ಅಲ್ವಾ, ಯಾರು ಕೇಳ್ತಾರೆ?" ಎಂದು ಮೇಸ್ತ್ರಿ ಧೈರ್ಯ ಹೇಳಿದರು. ಪಾಯ ತೋಡಿದ ನಾಲ್ಕನೇ ದಿನ ಕೆಲಸ ನಿಲ್ಲಿಸಿ ಎಂಬ ನೋಟಿಸ್ ಬಂತು. ತೋಡಿದ ಗುಂಡಿ ಹಾಗೇ ಉಳಿಯಿತು. ಅದರಲ್ಲಿ ಮಳೆ ನೀರು ನಿಂತಿತು. ಮಣ್ಣಿನ ಗೋಡೆಯ ಬುಡ ನೆನೆದು, ನಡುಮನೆಯಲ್ಲಿ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತು.

ನೂರು ವರ್ಷ ಅಲುಗದೆ ನಿಂತಿದ್ದ ಗೋಡೆ ಅದು. ನಮ್ಮ ಅವಸರಕ್ಕೆ ಒಡೆಯಿತು.

ಕೆಲವು ವರ್ಷ ಕಳೆದ ಮೇಲೆ ಬೇಲೂರಿನಲ್ಲಿ ಅಕ್ಕ-ಭಾವನ ಹಳೆ ಮನೆಗೆ ಕೋಣೆ ಸೇರಿಸುವ ಕೆಲಸ ಬಂತು. ಆಗ ಮೊದಲ ದಿನದಿಂದಲೇ ಸರಿಯಾದ ದಾರಿಯಲ್ಲಿ ಹೋದೆವು. ಒಂದು ಮನೆಯಲ್ಲಿ ಕೋಣೆ ಕಟ್ಟಲು ಆಗಲೇ ಇಲ್ಲ, ಇನ್ನೊಂದರಲ್ಲಿ ಚೆನ್ನಾಗಿ ಆಯಿತು. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶ್ರೀರಂಗಪಟ್ಟಣ, ಬೇಲೂರು, ಹಳೇಬೀಡು, ಬಾದಾಮಿ, ಐಹೊಳೆ, ವಿಜಯಪುರ, ಬೀದರ್ ಇಂಥ ಊರುಗಳಲ್ಲಿ ಗುಡಿ, ಗುಂಬಜ್, ಕೋಟೆಗೋಡೆಯ ಮಗ್ಗುಲಲ್ಲೇ ಜನ ಬದುಕುತ್ತಿದ್ದಾರೆ. ಅಲ್ಲಿ ಹಳೆ ಮನೆ ಇಟ್ಟುಕೊಂಡವರಿಗಾಗಿ ಈ ಬರಹ.

ಮೊದಲ ಕೆಲಸ: ದೂರ ಅಳೆಯಿರಿ

ನಕ್ಷೆ ಬರೆಸುವ ಮೊದಲು, ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು, ನಿಮ್ಮ ಮನೆ ಸ್ಮಾರಕದಿಂದ ಎಷ್ಟು ದೂರ ಇದೆ ಎಂದು ತಿಳಿಯಿರಿ. ಮುಂದಿನದೆಲ್ಲ ಆ ಒಂದು ಅಳತೆಯ ಮೇಲೆ ನಿಂತಿದೆ.

ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳಿಗೆ 1958ರ ಕಾನೂನು ಇದೆ. ಅದಕ್ಕೆ 2010ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ ಪ್ರಕಾರ ಸ್ಮಾರಕದ ಸುತ್ತ ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಂದರೆ ಒಟ್ಟು 300 ಮೀಟರ್ ಒಳಗೆ ನಿಮ್ಮ ಮನೆ ಇದ್ದರೆ ಈ ಕಾನೂನು ನಿಮಗೂ ಅನ್ವಯಿಸುತ್ತದೆ.

ಹೆಚ್ಚಿನವರು ತಪ್ಪುವುದು ಎಲ್ಲಿಂದ ಅಳೆಯಬೇಕು ಎಂಬಲ್ಲಿ. ಗೋಪುರದಿಂದಲ್ಲ, ಗರ್ಭಗುಡಿಯಿಂದಲೂ ಅಲ್ಲ. ರಕ್ಷಿತ ಪ್ರದೇಶದ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ, ಎಲ್ಲ ದಿಕ್ಕಿಗೂ. ಆ ಗಡಿ ಕಣ್ಣಿಗೆ ಕಾಣುವ ಬೇಲಿಗಿಂತ ಆಚೆಗೂ ಇರಬಹುದು. ಆದ್ದರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರು ನಿಮ್ಮ ಭಾಗದ ಸ್ಮಾರಕ ನೋಡಿಕೊಳ್ಳಲು ಇಟ್ಟಿರುವ ಕಚೇರಿಗೆ ಹೋಗಿ, ಗಡಿಯ ನಕ್ಷೆ ತೋರಿಸಿ ಎಂದು ಕೇಳಿ. ಮೊಬೈಲಿನ ಭೂಪಟದಲ್ಲಿ ಗೆರೆ ಎಳೆದು ನೋಡಿದರೆ ಅಂದಾಜು ಸಿಗುತ್ತದೆ. ಆದರೆ ನೂರರ ಗೆರೆಯ ಆಸುಪಾಸಿನಲ್ಲಿ ಮನೆ ಇದ್ದರೆ ಅಂದಾಜನ್ನು ನಂಬಬೇಡಿ.

ಇನ್ನೊಂದು ವಿಷಯ. ಸ್ಮಾರಕ ಅಂದರೆ ದೊಡ್ಡ ಗುಡಿಯೇ ಆಗಬೇಕಿಲ್ಲ. ಶ್ರೀರಂಗಪಟ್ಟಣವನ್ನೇ ನೋಡಿ. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್ ಎಲ್ಲರಿಗೂ ಗೊತ್ತು. ಅವಲ್ಲದೆ ಟಿಪ್ಪುವಿನ ಶವ ಸಿಕ್ಕ ಜಾಗ, ಹಳೆಯ ಸೆರೆಮನೆಗಳು, ನರಸಿಂಹಸ್ವಾಮಿ ಗುಡಿಯಲ್ಲಿರುವ ಕಂಠೀರವ ನರಸರಾಜರ ಮೂರ್ತಿ, ಕೋಟೆ ಒಡೆದ ಕಡೆಯ ಗೋಡೆ ಮತ್ತು ಸ್ತಂಭ ಇವೂ ರಕ್ಷಿತ ಪಟ್ಟಿಯಲ್ಲಿವೆ. ಒಂದೇ ಮನೆ ಒಂದು ಸ್ಮಾರಕಕ್ಕೆ 250 ಮೀಟರ್, ಮತ್ತೊಂದಕ್ಕೆ 80 ಮೀಟರ್ ಇರಬಹುದು. ಹಾಗಿದ್ದರೆ 80 ಮೀಟರೇ ಲೆಕ್ಕ. ದೊಡ್ಡಪ್ಪನ ಮನೆಯಲ್ಲಿ ಆದದ್ದೂ ಇದೇ. ನಾವು ದೇವಸ್ಥಾನದ ದೂರವನ್ನಷ್ಟೇ ಯೋಚಿಸಿದ್ದೆವು. ದಿನವೂ ದಾಟಿ ಹೋಗುತ್ತಿದ್ದ ಒಂದು ಚಿಕ್ಕ ಸ್ಮಾರಕ ನಮ್ಮ ತಲೆಗೇ ಬಂದಿರಲಿಲ್ಲ.

ರಾಜ್ಯ ಸರ್ಕಾರ ರಕ್ಷಿಸುವ ಸ್ಮಾರಕಗಳು ಬೇರೆ ಇವೆ. ಅವಕ್ಕೆ 1961ರ ರಾಜ್ಯ ಕಾನೂನು ಇದೆ. ಹಂಪಿಯ ಸುತ್ತಲಿನ ಊರುಗಳಿಗೆ 2002ರ ಕಾನೂನಿನ ಪ್ರಕಾರ ಪ್ರತ್ಯೇಕ ಪ್ರಾಧಿಕಾರವೇ ಇದೆ. ನೀವು ಆ ಕಡೆಯವರಾದರೆ ಮೊದಲು ಅಲ್ಲಿ ವಿಚಾರಿಸಿ. ಇಲ್ಲಿ ನಾನು ಹೇಳುತ್ತಿರುವುದು ಕೇಂದ್ರ ಸ್ಮಾರಕಗಳ ಸುತ್ತಲಿನ ಮನೆಗಳ ಬಗ್ಗೆ.

ಕಟ್ಟುವುದು ಬೇರೆ, ದುರಸ್ತಿ ಬೇರೆ

ಕಾನೂನಿನ ಮಾತುಗಳನ್ನು ಓದಲು ಬೇಸರ ಅನಿಸಬಹುದು. ಆದರೂ ಮೂರು ಪದಗಳ ಅರ್ಥ ತಿಳಿದುಕೊಳ್ಳಲೇಬೇಕು.

ಒಂದು, ನಿರ್ಮಾಣ. ಹೊಸದಾಗಿ ಕಟ್ಟುವುದು ಮಾತ್ರ ನಿರ್ಮಾಣ ಎಂದು ನಾವು ಅಂದುಕೊಳ್ಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ಇರುವ ಮನೆಗೆ ಪಕ್ಕಕ್ಕೆ ಸೇರಿಸಿದರೂ, ಮೇಲಕ್ಕೆ ಏರಿಸಿದರೂ ಅದು ನಿರ್ಮಾಣವೇ. ಹಿತ್ತಿಲ ಕಡೆ ಒಂದು ಬಚ್ಚಲು ಹೊರಕ್ಕೆ ಚಾಚಿದರೂ ಅಷ್ಟೇ.

ಎರಡು, ಪುನರ್ ನಿರ್ಮಾಣ. ಬಿದ್ದುಹೋದ ಕಟ್ಟಡವನ್ನು ಮೊದಲಿದ್ದ ಉದ್ದ, ಅಗಲ, ಎತ್ತರದೊಳಗೇ ಮತ್ತೆ ಕಟ್ಟುವುದು.

ಮೂರು, ದುರಸ್ತಿ ಮತ್ತು ನವೀಕರಣ. ಇರುವ ಕಟ್ಟಡದಲ್ಲಿ ಬದಲಾವಣೆ ಮಾಡುವುದು, ಆದರೆ ಮೇಲಿನ ಎರಡೂ ಅದರಲ್ಲಿ ಬರಕೂಡದು.

ಈಗ ದೂರವನ್ನು ಇದರ ಜೊತೆ ಇಟ್ಟು ನೋಡಿ. 100 ಮೀಟರ್ ಒಳಗಿದ್ದರೆ ಮನೆಗೆ ಕೋಣೆ ಸೇರಿಸಲು ಅನುಮತಿ ಸಿಗುವುದಿಲ್ಲ. ಚಿಕ್ಕದಾದರೂ ಇಲ್ಲ, ಹಿಂದುಗಡೆ ಆದರೂ ಇಲ್ಲ. ದುರಸ್ತಿಗೆ ಮಾತ್ರ ಅರ್ಜಿ ಹಾಕಬಹುದು. ಅದೂ ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ್ದಿರಬೇಕು. 100 ದಾಟಿ 300ರ ಒಳಗಿದ್ದರೆ ನಿರ್ಮಾಣ, ಪುನರ್ ನಿರ್ಮಾಣ, ದುರಸ್ತಿ ಎಲ್ಲಕ್ಕೂ ಅರ್ಜಿ ಹಾಕಬಹುದು. ಆದರೆ ಅನುಮತಿ ಕೈಗೆ ಬರುವವರೆಗೆ ಸಲಿಕೆ ಮುಟ್ಟುವ ಹಾಗಿಲ್ಲ.

"ಕಕ್ಕಸು ಕಟ್ಟಲು ಅನುಮತಿ ಬೇಡವಂತೆ" ಎಂದು ನಮ್ಮ ಬೀದಿಯಲ್ಲಿ ಒಬ್ಬರು ಹೇಳಿದ್ದರು. ಅದು ಅರ್ಧ ನಿಜ. ಚರಂಡಿ, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು-ವಿದ್ಯುತ್ ಕೊಡುವ ಕೆಲಸಗಳನ್ನು ನಿರ್ಮಾಣ ಎಂಬ ಅರ್ಥದಿಂದ ಹೊರಗಿಟ್ಟಿದ್ದಾರೆ. ನಿಮ್ಮ ಮನೆಯ ಕಕ್ಕಸು ಸಾರ್ವಜನಿಕ ಅಲ್ಲ.

ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಈ ನಿಯಮ ಸಡಿಲ ಮಾಡುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತು ನಂಬಿ ಪಾಯ ತೋಡಬೇಡಿ. ಕೆಲಸ ಶುರು ಮಾಡುವ ದಿನ ಯಾವ ಕಾನೂನು ಜಾರಿಯಲ್ಲಿದೆಯೋ ಅದನ್ನೇ ನೋಡಿ.

100 ಮೀಟರ್ ಒಳಗಿದ್ದರೆ ಏನು ಮಾಡಬಹುದು?

ನೋಟಿಸ್ ಬಂದ ಮೇಲೆ ದೊಡ್ಡಪ್ಪ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ದೊಡ್ಡಮ್ಮನೇ ದಾರಿ ತೋರಿಸಿದರು. "ಹೊರಗೆ ಕಟ್ಟೋಕೆ ಆಗಲ್ಲ ಅಂದ್ರೆ ಒಳಗೇ ಹುಡುಕೋಣ" ಎಂದರು.

ಹಳೆ ಮನೆಗಳಲ್ಲಿ ನಾವು ಮರೆತುಬಿಟ್ಟ ಜಾಗ ತುಂಬಾ ಇರುತ್ತದೆ. ಭತ್ತ, ರಾಗಿ ತುಂಬುತ್ತಿದ್ದ ಉಗ್ರಾಣ. ಬಾಣಂತಿ ಕೋಣೆ. ಸೌದೆ ಒಟ್ಟುತ್ತಿದ್ದ ಮೂಲೆ. ಅಟ್ಟ. ನಮ್ಮ ಮನೆಯ ಉಗ್ರಾಣದಲ್ಲಿ ಇಪ್ಪತ್ತು ವರ್ಷದಿಂದ ಮುರಿದ ಕುರ್ಚಿ, ಹಳೆ ಪೇಪರ್ ಬಿಟ್ಟರೆ ಏನೂ ಇರಲಿಲ್ಲ. ಅದು ಅಜ್ಜಿ ಮಲಗುವ ಕೋಣೆಗೆ ಒತ್ತಿಕೊಂಡೇ ಇತ್ತು. ದುರಸ್ತಿ ಎಂದೇ ಅರ್ಜಿ ಹಾಕಿ, ಅನುಮತಿ ಪಡೆದು, ಆ ಉಗ್ರಾಣವನ್ನೇ ಬಚ್ಚಲು ಮಾಡಿದೆವು. ಮನೆಯ ಹೊರಗೋಡೆ ಒಂದು ಇಂಚೂ ಆಚೆ ಹೋಗಲಿಲ್ಲ. ಸೂರು ಮೇಲೇರಲಿಲ್ಲ.

ಹಾಗೆ ಮಾಡುವಾಗ ತೊಟ್ಟಿಯ ಮೇಲೆ ಸ್ಲ್ಯಾಬ್ ಹಾಕಿ ಮುಚ್ಚುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅದು ದುರಸ್ತಿಯೊಳಗೆ ಬರುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಆ ಮನೆ ಉಸಿರಾಡುವುದೇ ತೊಟ್ಟಿಯಿಂದ. ಬೆಳಕು, ಗಾಳಿ ಎರಡೂ ಅಲ್ಲಿಂದಲೇ ಒಳಗೆ ಬರಬೇಕು. ತೊಟ್ಟಿ ಮುಚ್ಚಿದ ಮನೆಗಳ ನಡುಮನೆಯಲ್ಲಿ ಹಗಲು ಹೊತ್ತಿನಲ್ಲೂ ದೀಪ ಹಾಕುವುದನ್ನು ನೋಡಿದ್ದೇನೆ.

1992ಕ್ಕೆ ಮೊದಲಿನ ಕಟ್ಟಡ ಎಂದು ತೋರಿಸಲು ಹಳೆ ಕಂದಾಯದ ರಸೀದಿ, ವಿದ್ಯುತ್ ಬಿಲ್, ಕ್ರಯಪತ್ರ, ವಿಭಾಗಪತ್ರ ಸಿಕ್ಕಿದ್ದನ್ನೆಲ್ಲ ಕೂಡಿಸಿಡಿ. ನಮಗೆ ನೆರವಾದದ್ದು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಅಜ್ಜ ದಾರ ಪೋಣಿಸಿ ಇಟ್ಟಿದ್ದ ಕಂದಾಯದ ಚೀಟಿಗಳು.

ಕಾಗದ ಪತ್ರ: ಮನೆಯೊಳಗಿನ ಒಪ್ಪಿಗೆ ಮೊದಲು

ಇನ್ನು ಮುಂದೆ ಹೇಳುವುದು 100 ಮೀಟರ್ ದಾಟಿದ ಮನೆಗಳಿಗೆ.

ಹಳೆ ಮನೆ ಅಂದರೆ ಸಾಮಾನ್ಯವಾಗಿ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಭಾವನ ಮನೆಯಲ್ಲೂ ಹಾಗೇ ಇತ್ತು. ಅರ್ಜಿಯ ಜೊತೆ ಮಾಲೀಕತ್ವದ ದಾಖಲೆ ತೋರಿಸಬೇಕು. ಆದ್ದರಿಂದ ವಂಶವೃಕ್ಷ ಮಾಡಿಸಿ, ಪಾಲುದಾರರೆಲ್ಲರ ಒಪ್ಪಿಗೆ ಬರಹದಲ್ಲಿ ಪಡೆದು, ಪುರಸಭೆ ಅಥವಾ ಪಂಚಾಯಿತಿಯಲ್ಲಿ ಖಾತೆ ಬದಲಾಯಿಸಿಕೊಳ್ಳಿ. ಬೇರೆ ಊರಲ್ಲಿರುವ ತಂಗಿ, ವಿದೇಶದಲ್ಲಿರುವ ತಮ್ಮ ಇವರನ್ನೆಲ್ಲ ಮೊದಲೇ ಮಾತಾಡಿಸಿ. ಅರ್ಧ ಕಟ್ಟಿದ ಮೇಲೆ ತಕರಾರು ಬಂದರೆ ಕೋಣೆಯೂ ಇಲ್ಲ, ಸಂಬಂಧವೂ ಇಲ್ಲ. ನಮಗೆ ಇದಕ್ಕೇ ಐದು ತಿಂಗಳು ಹಿಡಿಯಿತು. ಅದು ದಂಡದ ಸಮಯ ಅಂತ ನನಗೆ ಅನಿಸಿಲ್ಲ. ಆ ನೆಪದಲ್ಲಿ ಮನೆಯವರೆಲ್ಲ ಮತ್ತೆ ಒಟ್ಟಿಗೆ ಕೂತು ಊಟ ಮಾಡಿದರು.

ಆಮೇಲೆ ಅರ್ಜಿ. ಅರ್ಜಿ ಹೋಗುವುದು ನಿಮ್ಮ ರಾಜ್ಯಕ್ಕೆ ನೇಮಿಸಿರುವ ಸಕ್ಷಮ ಪ್ರಾಧಿಕಾರಕ್ಕೆ. ಅವರು ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಆನ್‌ಲೈನ್‌ನಲ್ಲಿ ಹಾಕುವ ವ್ಯವಸ್ಥೆ ಇದೆ. ಜೊತೆಗೆ ಇವು ಕೈಯಲ್ಲಿರಲಿ: ಮಾಲೀಕತ್ವದ ದಾಖಲೆ, ಜಾಗದ ನಕ್ಷೆ, ಈಗಿರುವ ಮನೆಯ ನಕ್ಷೆ, ಸೇರಿಸಬೇಕಾದ ಭಾಗದ ನಕ್ಷೆ ಎತ್ತರದ ಸಮೇತ, ಸ್ಮಾರಕದಿಂದ ಇರುವ ದೂರ ತೋರಿಸುವ ಭೂಪಟ, ನಾಲ್ಕೂ ಕಡೆಯಿಂದ ತೆಗೆದ ಫೋಟೋ.

ಫೋಟೋ ತೆಗೆಯುವಾಗ ಮನೆಯನ್ನಷ್ಟೇ ತೆಗೆಯಬೇಡಿ. ಸ್ಮಾರಕದ ಕಡೆಯಿಂದ ನಿಂತು ನಿಮ್ಮ ಮನೆ ಕಾಣುತ್ತದೆಯೇ, ನಿಮ್ಮ ಹಿತ್ತಿಲಿಂದ ಸ್ಮಾರಕ ಕಾಣುತ್ತದೆಯೇ ಎಂಬುದನ್ನೂ ತೋರಿಸಿ. ದೆಹಲಿಯಲ್ಲಿ ಕೂತು ಅರ್ಜಿ ನೋಡುವವರು ನಿಮ್ಮ ಬೀದಿಯನ್ನು ನೋಡಿಲ್ಲ. ನಿಮ್ಮ ಫೋಟೋಗಳೇ ಅವರ ಕಣ್ಣು.

ಕಾನೂನಿನಲ್ಲಿ ಗಡುವು ಇದೆ. ಸಕ್ಷಮ ಪ್ರಾಧಿಕಾರ 15 ದಿನದಲ್ಲಿ ಅರ್ಜಿಯನ್ನು ಮುಂದೆ ಕಳಿಸಬೇಕು. ರಾಷ್ಟ್ರೀಯ ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಅದು ಬಂದ ಒಂದು ತಿಂಗಳಲ್ಲಿ ಒಪ್ಪಿಗೆ ಅಥವಾ ನಿರಾಕರಣೆ ಹೇಳಬೇಕು. ಲೆಕ್ಕಕ್ಕೆ ಮೂರೂವರೆ ತಿಂಗಳು. ದಾಖಲೆ ಸಾಲದು ಎಂದು ಅರ್ಜಿ ವಾಪಸ್ ಬಂದರೆ ಮತ್ತೆ ಮೊದಲಿಂದ. ಹಾಗಾಗಿ ಆರು ತಿಂಗಳು ಇಟ್ಟುಕೊಂಡು ಯೋಜನೆ ಮಾಡಿ. ಮದುವೆ, ಗೃಹಪ್ರವೇಶದ ದಿನ ಗೊತ್ತು ಮಾಡಿ ಆಮೇಲೆ ಅನುಮತಿಗೆ ಓಡಬೇಡಿ. ನಿರಾಕರಿಸುವುದಾದರೆ ನಿಮ್ಮ ಮಾತು ಕೇಳಿಯೇ, ಬರಹದಲ್ಲಿ ಆದೇಶ ಕೊಡಬೇಕು. ಆ ಅವಕಾಶ ಬಿಡಬೇಡಿ. ಎತ್ತರ ಸ್ವಲ್ಪ ಇಳಿಸಿದ ನಕ್ಷೆ ಇಟ್ಟುಕೊಂಡು ಹೋಗಿ ಮಾತಾಡಿ.

ಇದಾದ ಮೇಲೂ ಪುರಸಭೆಯ ಕಟ್ಟಡ ಪರವಾನಗಿ ಬೇರೆ ಬೇಕು. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ನಕ್ಷೆ ಬರೆಸುವಾಗ

ಎತ್ತರದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಅನುಮತಿ ಪತ್ರದಲ್ಲಿ ಬರೆಯುವ ಎತ್ತರ ಸೂರಿನವರೆಗಿನದಲ್ಲ. ತಾರಸಿಯ ಕೈಪಿಡಿ ಗೋಡೆ, ಮೆಟ್ಟಿಲ ಮೇಲಿನ ಗೂಡು, ನೀರಿನ ಟ್ಯಾಂಕ್ ಎಲ್ಲ ಸೇರಿ ಆ ಎತ್ತರ. ಟ್ಯಾಂಕ್ ಆಮೇಲೆ ಇಟ್ಟರಾಯಿತು ಅಂದುಕೊಂಡರೆ ಅದೇ ಉಲ್ಲಂಘನೆ ಆಗುತ್ತದೆ. ಕೆಲವು ಸ್ಮಾರಕಗಳಿಗೆ ಅವುಗಳದೇ ಉಪನಿಯಮಗಳನ್ನು ರೂಪಿಸಿದ್ದಾರೆ. ನಿಮ್ಮ ಊರಿನ ಸ್ಮಾರಕಕ್ಕೆ ಇದ್ದರೆ ಅದನ್ನು ಮೊದಲು ಓದಿ, ಆಮೇಲೆ ಪೆನ್ಸಿಲ್ ಹಿಡಿಯಿರಿ.

ಇನ್ನು ನನ್ನ ಅಭಿಪ್ರಾಯ. ಹೊಸ ಕೋಣೆ ಮನೆಯ ಹಿಂದೆ ಇರಲಿ, ಹಳೆ ಸೂರಿಗಿಂತ ತಗ್ಗಿರಲಿ. ಮನೆಗೆ ಬಂದ ಹೊಸಬರು ಹಿರಿಯರಿಗಿಂತ ಎತ್ತರದಲ್ಲಿ ಕೂರುವುದಿಲ್ಲ ಅಲ್ವಾ? ಬೀದಿಯಲ್ಲಿ ನಿಂತು ನೋಡಿದರೆ ಜಗಲಿ, ಕಂಬ, ಹೆಂಚಿನ ಇಳಿಜಾರು ಮೊದಲಿನ ಹಾಗೇ ಕಾಣಬೇಕು. ಹಾಗೆ ಮಾಡಿದರೆ ಅನುಮತಿಗೂ ಸುಲಭ, ಕಣ್ಣಿಗೂ ಹಿತ.

ಹಾಗಂತ ಹೊಸದನ್ನು ಹಳೆಯದರ ನಕಲಿನಂತೆ ಮಾಡಬೇಕಿಲ್ಲ. ಸಿಮೆಂಟಿನಲ್ಲಿ ಅಚ್ಚು ಹೊಯ್ದ ಕೆತ್ತನೆ ಕಂಬ ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ. ಹಳೆಯದು ಹಳೆಯದಾಗೇ ಕಾಣಲಿ, ಹೊಸದು ಸರಳವಾಗಿರಲಿ. ಬಣ್ಣ, ಸೂರಿನ ಇಳಿಜಾರು, ಕಿಟಕಿಯ ಅಳತೆ ಇಷ್ಟು ಹೊಂದಿಕೊಂಡರೆ ಸಾಕು.

ಎರಡನ್ನೂ ಅಂಟಿಸದೆ, ನಡುವೆ ಸೂರು ಹಾಕಿದ ನಾಲ್ಕಡಿಯ ಒಂದು ಸಣ್ಣ ಓಣಿ ಬಿಟ್ಟು ಜೋಡಿಸಿದರೆ ಬಹಳ ಲಾಭ. ಹಳೆ ಗೋಡೆಗೆ ಭಾರ ಬೀಳುವುದಿಲ್ಲ. ಹಿಂದಿನ ಕಿಟಕಿಗಳು ಮುಚ್ಚಿಹೋಗುವುದಿಲ್ಲ. ಬಾಗಿಲಿಗಾಗಿ ಗೋಡೆಯನ್ನು ಹೊಸದಾಗಿ ಕೊರೆಯುವ ಬದಲು ಹಿಂದಿನ ಒಂದು ಕಿಟಕಿಯನ್ನೇ ಕೆಳಕ್ಕೆ ಇಳಿಸಿ ಬಾಗಿಲು ಮಾಡಿ. ಮೇಲಿನ ಅಡ್ಡತೊಲೆ ಆಗಲೇ ಅಲ್ಲಿರುತ್ತದೆ. ಬೇಲೂರಿನಲ್ಲಿ ಹೀಗೇ ಮಾಡಿದೆವು. ತೆಗೆದ ಕಿಟಕಿಯ ಸರಳು, ಚೌಕಟ್ಟು ಹೊಸ ಕೋಣೆಗೆ ಬಂತು.

ಹಳೆ ಕಟ್ಟಡ ಗೊತ್ತಿರುವ ವಾಸ್ತುಶಿಲ್ಪಿ ಸಿಗುವುದು ಕಷ್ಟ ಅನ್ನುತ್ತಾರೆ. ಹಳೆಯ ಕಟ್ಟಡ, ಕಲೆ ಉಳಿಸುವ ಕೆಲಸಕ್ಕೆ 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಗೆ ಕರ್ನಾಟಕದಲ್ಲೂ ಶಾಖೆಗಳಿವೆ. ಅಲ್ಲಿ ಕೇಳಿದರೆ ದಾರಿ ಸಿಗುತ್ತದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಲು ನಿಮ್ಮ ಸುತ್ತಮುತ್ತ ಯಾವ ಗುಡಿ ಜೀರ್ಣೋದ್ಧಾರ ಆಗಿದೆ ನೋಡಿ, ಅಲ್ಲಿ ಕೆಲಸ ಮಾಡಿದವರನ್ನು ವಿಚಾರಿಸಿ.

ಪಾಯ ತೋಡುವ ದಿನ

ಶ್ರೀರಂಗಪಟ್ಟಣದಲ್ಲಿ ಗೋಡೆ ಒಡೆದದ್ದು ಯಾಕೆ ಎಂದು ಆಮೇಲೆ ಒಬ್ಬ ಇಂಜಿನಿಯರ್ ವಿವರಿಸಿದರು. ಹಳೆ ಮನೆಗಳ ಕಲ್ಲಿನ ಪಾಯ ಆಳ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಎರಡು ಮೂರು ಅಡಿ ಅಷ್ಟೇ. ಅದರ ಮಗ್ಗುಲಲ್ಲೇ ಐದಡಿ ಗುಂಡಿ ತೋಡಿದರೆ ಪಾಯದ ಕೆಳಗಿನ ಮಣ್ಣು ಪಕ್ಕಕ್ಕೆ ಜಾರುತ್ತದೆ. ನೀರು ನಿಂತರೆ ಇನ್ನೂ ಬೇಗ.

ಆದ್ದರಿಂದ ಮೊದಲು ಒಂದು ಕಡೆ ಸಣ್ಣ ಗುಂಡಿ ತೆಗೆದು ಹಳೆ ಪಾಯ ಎಷ್ಟು ಆಳ ಇದೆ ನೋಡಿ. ಹೊಸ ಪಾಯ ಅದಕ್ಕಿಂತ ಎಷ್ಟು ಆಳಕ್ಕೆ ಹೋಗುತ್ತದೋ, ಕನಿಷ್ಠ ಅಷ್ಟು ದೂರ ಬಿಟ್ಟು ತೋಡಿ. ನಾಲ್ಕಡಿ ಓಣಿ ಬಿಡಲು ಇದೂ ಒಂದು ಕಾರಣ. ಉದ್ದಕ್ಕೂ ಒಂದೇ ಸಲ ತೋಡದೆ, ಒಂದು ತುಂಡು ತೋಡಿ, ಕಟ್ಟಿ, ಮುಚ್ಚಿ, ಆಮೇಲೆ ಮುಂದಿನದು. ದಸರಾ ಕಳೆದು ಮಳೆ ನಿಂತ ಮೇಲೆ ಶುರು ಮಾಡಿ, ಯುಗಾದಿಯೊಳಗೆ ಸೂರು ಹಾಕುವಂತೆ ನೋಡಿಕೊಳ್ಳಿ. ಜೆಸಿಬಿ ಬೇಡ. ಅದರ ಅದುರುವಿಕೆಗೇ ಹಳೆ ಗೋಡೆಯ ಗಾರೆ ಉದುರುತ್ತದೆ.

ತೋಡುವಾಗ ಕೆತ್ತಿದ ಕಲ್ಲು, ಶಾಸನ, ಮೂರ್ತಿ, ನಾಣ್ಯ ಏನಾದರೂ ಸಿಕ್ಕರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಎತ್ತಬೇಡಿ, ತೊಳೆಯಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಇಂಥ ಊರುಗಳಲ್ಲಿ ಇದು ಅಪರೂಪವಲ್ಲ. ಭಯಪಟ್ಟು ಮತ್ತೆ ಮುಚ್ಚಿಬಿಡುವವರಿದ್ದಾರೆ. ಆದರೆ ನೆಲದಲ್ಲಿ ಸಿಕ್ಕಿದ್ದನ್ನು ಮುಚ್ಚಿಡುವುದು ಅಪರಾಧ. ಒಂದು ಶಾಸನದ ತುಂಡಿನಲ್ಲಿ ನಿಮ್ಮ ಊರಿನ ಹಳೆಯ ಹೆಸರೇ ಇರಬಹುದು. ಅದು ಮತ್ತೆ ಮಣ್ಣು ಸೇರಿದರೆ ಯಾರಿಗೆ ಲಾಭ?

ಸುಣ್ಣದ ಗೋಡೆಗೆ ಸಿಮೆಂಟ್ ಬೇಡ

ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಹಳೆ ಮಣ್ಣಿನ ಗೋಡೆ, ಸುಣ್ಣದ ಗಾರೆಯ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆದುಕೊಳ್ಳುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಅದು ಗೋಡೆಯೊಳಗೇ ಮೇಲೇರುತ್ತದೆ. ಎರಡು ಮೂರು ಮಳೆಗಾಲದಲ್ಲಿ ಸಿಮೆಂಟ್ ಪದರ ಡಬ್ಬದ ಸದ್ದು ಮಾಡುತ್ತದೆ. ಆಮೇಲೆ ಅದು ಕಳಚುವಾಗ ಹಳೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ.

ಹೊಸ ಕೋಣೆಯನ್ನು ನೀವು ಇಟ್ಟಿಗೆ-ಸಿಮೆಂಟಿನಲ್ಲೇ ಕಟ್ಟಿ, ತೊಂದರೆ ಇಲ್ಲ. ಆದರೆ ಹಳೆ ಗೋಡೆಯನ್ನು ಮುಟ್ಟುವ ಕಡೆ, ತೇಪೆ ಹಾಕುವ ಕಡೆ ಸುಣ್ಣವೇ ಇರಲಿ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಕೆಲವು ವಾರ ನೀರಿನಡಿಯಲ್ಲೇ ನೆನೆಯಲು ಬಿಟ್ಟು, ಒಂದು ಪಾಲಿಗೆ ಮೂರು ಪಾಲು ತೊಳೆದ ಮರಳು ಸೇರಿಸಿ ಅರೆದರೆ ಒಳ್ಳೆಯ ಗಾರೆ. ಹಿಂದಿನವರು ಇಟ್ಟಿಗೆ ಪುಡಿ ಹಾಕುತ್ತಿದ್ದರು, ಬೆಲ್ಲದ ನೀರು ಬೆರೆಸುತ್ತಿದ್ದರು. ಮೇಸ್ತ್ರಿಗೆ ಗೊತ್ತಿದ್ದರೆ ಹಾಗೇ ಮಾಡಲಿ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ.

ಹೊಸ ಗೋಡೆಯ ಇಟ್ಟಿಗೆಯನ್ನು ಹಳೆ ಗೋಡೆಯೊಳಗೆ ಕಚ್ಚಿಸಬೇಡಿ. ಕಬ್ಬಿಣದ ಕಂಬಿಯನ್ನೂ ತೂರಿಸಬೇಡಿ. ಹೊಸ ಕಟ್ಟಡ ಮೊದಲ ಒಂದೆರಡು ವರ್ಷ ಸ್ವಲ್ಪ ಕೂರುತ್ತದೆ. ಹಳೆಯದು ಕೂತು ಎಷ್ಟೋ ಕಾಲವಾಗಿದೆ. ಎರಡನ್ನೂ ಕಟ್ಟಿಹಾಕಿದರೆ ಒಡೆಯುವುದು ಹಳೆಯದೇ. ಓಣಿಯ ಗೋಡೆ ಹಳೆ ಗೋಡೆಯನ್ನು ಸೇರುವಲ್ಲಿ ಒಂದು ಇಂಚು ಸಂದು ಬಿಡಿ. ಅದನ್ನು ಮೆತ್ತನೆಯ ವಸ್ತುವಿನಿಂದ ತುಂಬಿ, ಮೇಲೆ ಮರದ ಪಟ್ಟಿ ಹೊಡೆಯಿರಿ. ಪಟ್ಟಿಯ ಮೊಳೆ ಒಂದೇ ಕಡೆಗಿರಲಿ.

ಸೂರು, ನೀರು

ಹಳೆ ಮನೆಯ ಸೂರಿನ ನೀರು ಹಿಂದೆ ಹಿತ್ತಿಲಿಗೆ ಸುರಿಯುತ್ತಿತ್ತು. ಈಗ ಅಲ್ಲಿ ಓಣಿ ಬಂದಿದೆ. ಆ ನೀರು ಎಲ್ಲಿಗೆ ಹೋಗಬೇಕು ಎಂದು ನಕ್ಷೆಯಲ್ಲೇ ತೀರ್ಮಾನ ಮಾಡಿ. ಓಣಿಯ ಸೂರು ಹಳೆ ಸೂರಿನ ಅಂಚಿಗಿಂತ ತಗ್ಗಿನಲ್ಲಿ, ಒಂದು ಪಕ್ಕಕ್ಕೆ ಇಳಿಜಾರಾಗಿ ಇರಲಿ. ನಡುವೆ ಅಗಲವಾದ ತಗಡಿನ ದೋಣಿ ಹಾಕಿಸಿ. ಕಿರಿದಾದ ದೋಣಿಗೆ ಒಣಗಿದ ಎಲೆ ತುಂಬಿದರೆ ನೀರು ಹಿಂದಕ್ಕೆ ನುಗ್ಗಿ ಜಂತೆ ಕೊಳೆಯುತ್ತದೆ. ಕೈ ಹಾಕಿ ಎಲೆ ತೆಗೆಯುವಷ್ಟು ಅಗಲ ಬೇಕೇ ಬೇಕು.

ತೆಗೆದ ಹಳೆ ಹೆಂಚುಗಳನ್ನು ಎಸೆಯಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ನಮ್ಮ ಎಷ್ಟೋ ಊರುಗಳ ಸೂರು ಸೇರಿತು. ಹಳೆಯ ಹೆಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಬಂದರೆ ಅದು ಇನ್ನೂ ಗಟ್ಟಿ. ಅಂಥವನ್ನು ಬೀದಿಗೆ ಕಾಣುವ ಕಡೆ ಮತ್ತೆ ಹೊದಿಸಿ, ಹೊಸ ಹೆಂಚನ್ನು ಹಿಂದಿನ ಕೋಣೆಗೆ ಬಳಸಿ.

ನೀರಿನ ಟ್ಯಾಂಕನ್ನು ಹಳೆ ಸೂರಿನ ಮೇಲೆ ಇಡಲೇಬೇಡಿ. 1000 ಲೀಟರ್ ನೀರು ಎಂದರೆ ಒಂದು ಟನ್ ಭಾರ. ಮರದ ತೊಲೆ ಅದಕ್ಕೆ ಮಾಡಿದ್ದಲ್ಲ. ಬಚ್ಚಲು, ಕಕ್ಕಸು, ಸಿಂಕು ಎಲ್ಲವೂ ಹೊಸ ಭಾಗದಲ್ಲೇ ಇರಲಿ. ಪೈಪುಗಳು ಹೊಸ ಗೋಡೆಯಲ್ಲೇ ಓಡಲಿ. ನೀರು ಬೇಕಾದ ಕೆಲಸವೆಲ್ಲ ಹೊಸ ಕೋಣೆಗೆ ಹೋದರೆ ಹಳೆ ಮನೆ ಒಣಗಿ ಗಟ್ಟಿಯಾಗಿ ಉಳಿಯುತ್ತದೆ. ಅಕ್ಕನ ಮನೆಯಲ್ಲಿ ಅಡುಗೆ ಮನೆಯ ತೊಳೆಯುವ ಜಾಗವನ್ನೂ ಹೊಸ ಭಾಗಕ್ಕೆ ಸಾಗಿಸಿದೆವು. ಮರು ವರ್ಷವೇ ನಡುಮನೆಯ ಗೋಡೆಯ ಬುಡದ ಪಾಚಿ ಮಾಯವಾಯಿತು.

ಇಷ್ಟೆಲ್ಲ ಮಾಡಿಯೂ ದೊಡ್ಡಪ್ಪನ ಮನೆಯ ಉಗ್ರಾಣದಂತೆ ಹಳೆ ಗೋಡೆಗಳ ನಡುವೆಯೇ ಬಚ್ಚಲು ಮಾಡಬೇಕಾಗಿ ಬಂದರೆ, ಹಳೆ ಗೋಡೆಗೆ ಟೈಲ್ಸ್ ಅಂಟಿಸಬೇಡಿ. ಮೂರು ಇಂಚು ಬಿಟ್ಟು ಒಳಗೆ ತೆಳುವಾದ ಇನ್ನೊಂದು ಗೋಡೆ ಎಬ್ಬಿಸಿ, ಅದಕ್ಕೆ ಟೈಲ್ಸ್ ಹಾಕಿ. ನಡುವಿನ ಸಂದಿನಲ್ಲಿ ಗಾಳಿ ಆಡಲು ಮೇಲೆ ಕೆಳಗೆ ಸಣ್ಣ ಜಾಲರಿ ಇರಲಿ. ಜಾಗ ಸ್ವಲ್ಪ ಕಡಿಮೆ ಆಗುತ್ತದೆ. ಅಜ್ಜಿಗೆ ಹಿಡಿದುಕೊಳ್ಳಲು ಕಂಬಿಯನ್ನು ಆ ಹೊಸ ಗೋಡೆಗೇ ಹಾಕಿಸಿದೆವು. ಕೊನೆಯವರೆಗೂ ಅದನ್ನೇ ಹಿಡಿದು ಓಡಾಡಿದರು.

ಕೆಲಸ ಮುಗಿದ ಮೇಲೆ

ಅನುಮತಿ ಪತ್ರ, ಒಪ್ಪಿಗೆಯಾದ ನಕ್ಷೆ, ಕೆಲಸದ ಮೊದಲು ಮತ್ತು ನಂತರದ ಫೋಟೋ ಎಲ್ಲವನ್ನೂ ಒಂದು ಕಡತದಲ್ಲಿ ಹಾಕಿ ಖಾತೆಯ ಜೊತೆಗೇ ಇಡಿ. ಮುಂದೆ ಮನೆ ಮಾರುವಾಗ, ಸಾಲಕ್ಕೆ ಹೋಗುವಾಗ, ನಿಮ್ಮ ಮಕ್ಕಳು ಮತ್ತೇನಾದರೂ ಮಾಡಿಸುವಾಗ ಬೇಕಾಗುತ್ತದೆ. ಅನುಮತಿ ಪತ್ರದ ಒಂದು ನಕಲು ಕೆಲಸ ನಡೆಯುವ ದಿನಗಳಲ್ಲಿ ಜಾಗದಲ್ಲೇ ಇರಲಿ. ಯಾರಾದರೂ ಬಂದು ಕೇಳಿದರೆ ಸುಮ್ನೆ ವಾದ ಬೆಳೆಸುವ ಬದಲು ತೋರಿಸಿಬಿಡಬಹುದು. ನಕ್ಷೆಗಿಂತ ಒಂದಡಿ ಜಾಸ್ತಿ ಕಟ್ಟಿದರೂ ಆ ಪತ್ರ ನಿಮ್ಮನ್ನು ಕಾಯುವುದಿಲ್ಲ ಎಂಬುದೂ ನೆನಪಿರಲಿ.

ಹಳೆ ಗೋಡೆಯಲ್ಲಿ ಮೊದಲೇ ಇದ್ದ ಬಿರುಕುಗಳ ಮೇಲೆ ಕೆಲಸ ಶುರುವಾಗುವ ಮುನ್ನವೇ ತೆಳುವಾದ ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆದಿಡಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಆಗ ಕೆಲಸ ನಿಲ್ಲಿಸಿ ಇಂಜಿನಿಯರನ್ನು ಕರೆಸಿ. ಕಟ್ಟಿ ಮುಗಿದ ಮೇಲೂ ಎರಡು ಮಳೆಗಾಲ ಆ ಪಟ್ಟಿ ಅಲ್ಲೇ ಇರಲಿ.

ಮೊದಲ ಜೋರು ಮಳೆಯ ದಿನ ಊರಲ್ಲೇ ಇರಿ. ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ, ದೋಣಿಯ ನೀರು ಎಲ್ಲಿ ಬೀಳುತ್ತಿದೆ, ಹಳೆ ಗೋಡೆಯ ಬುಡಕ್ಕೆ ಸಿಡಿಯುತ್ತಿದೆಯೇ ನೋಡಿ. ಬೇಲೂರಿನಲ್ಲಿ ಆ ಮಳೆ ಬಂದದ್ದು ಜೂನ್ ತಿಂಗಳ ಒಂದು ಸಂಜೆ. ಭಾವ ಟಾರ್ಚ್ ಹಿಡಿದರು, ನಾನು ಓಣಿಯ ಸಂದಿನಲ್ಲಿ ಕೈಯಾಡಿಸುತ್ತಾ ಹೋದೆ. ಒಂದು ಮೂಲೆಯಲ್ಲಿ ಮಾತ್ರ ಬೆರಳು ಒದ್ದೆಯಾಯಿತು. ಮಾರನೇ ದಿನ ಆ ತಗಡನ್ನು ಎರಡು ಇಂಚು ಮೇಲಕ್ಕೆ ಮಡಿಸಿದೆವು. ಗಾಜಿನ ಪಟ್ಟಿ ಇವತ್ತಿಗೂ ಒಡೆದಿಲ್ಲ.